ಡಿಸ್ಕಿಗೆ ಯಾವ ಹೆಸರು? ಎಸ್‌ಡಿಎ, ಲೇಬಲ್, ಯುಯುಐಡಿ, ಪಾರ್ಟ್‌ಯುಯುಐಡಿ: ಯಾವಾಗ ಯಾವ್ದು

ಅಕ್ಕನ ಮಗ ಹೋದ ವಾರ ಫೋನ್ ಮಾಡಿದ್ದ. "ಮಾಮ, ಇನ್ನೊಂದು ಡಿಸ್ಟ್ರೋ ಹಾಕ್ಕೊಂಡೆ, ಅದು ಚೆನ್ನಾಗೇ ಓಡ್ತಿದೆ, ಆದ್ರೆ ಹಳೇದು ಬೂಟ್ ಆಗೋವಾಗ ಒಂದೂವರೆ ನಿಮಿಷ ಸುಮ್ನೆ ನಿಂತ್ಕೊಳತ್ತೆ" ಅಂದ. (ಡಿಸ್ಟ್ರೋ ಅಂದ್ರೆ ಲಿನಕ್ಸಿನ ಒಂದೊಂದು ಬಗೆ, ಡೆಬಿಯನ್, ಉಬುಂಟು ಥರ.) ಸ್ಕ್ರೀನಲ್ಲಿ ಏನು ಬರ್ತಿದೆ ಓದಪ್ಪ ಅಂದೆ. ಸ್ಟಾರ್ಟ್ ಜಾಬ್ ರನ್ನಿಂಗ್ ಅಂತ ಏನೋ ಬಂದು, ಆಮೇಲೆ ಒಂದು ಉದ್ದದ ನಂಬರು, ಕೊನೇಲಿ 1 ನಿಮಿಷ 30 ಸೆಕೆಂಡಿನ ಲೆಕ್ಕ ಓಡ್ತಿದೆ ಅಂದ. ಅಷ್ಟು ಕೇಳಿದ್ಮೇಲೆ ಬೇರೆ ಏನೂ ಕೇಳೋದು ಬೇಕಾಗ್ಲಿಲ್ಲ. ಎರಡನೇ ಡಿಸ್ಟ್ರೋದ ಇನ್‌ಸ್ಟಾಲರು ಮೊದಲೇ ಇದ್ದ ಸ್ವಾಪ್ ಪಾರ್ಟಿಶನ್ನನ್ನೇ (ಮೆಮೊರಿ ಸಾಲದೇ ಹೋದಾಗ ಬಳಸೋಕೆ ಡಿಸ್ಕಲ್ಲಿ ಬಿಟ್ಟ ಭಾಗ) ತಗೊಂಡು ಮತ್ತೆ ಫಾರ್ಮ್ಯಾಟ್ ಮಾಡಿದೆ, ಫಾರ್ಮ್ಯಾಟ್ ಆದ್ರೆ ಯುಯುಐಡಿ, ಅಂದ್ರೆ ಅದರ ಆ ಉದ್ದದ ಗುರುತಿನ ನಂಬರು, ಬದಲಾಗತ್ತೆ, ಹಳೇ ಸಿಸ್ಟಮ್ಮಿನ ಎಫ್‌ಎಸ್‌ಟ್ಯಾಬ್ ಫೈಲಲ್ಲಿ (ಬೂಟ್ ಆಗೋವಾಗ ಯಾವ ಡಿಸ್ಕನ್ನ ಎಲ್ಲಿ ಜೋಡಿಸ್ಬೇಕು ಅನ್ನೋ ಪಟ್ಟಿ) ಹಳೇ ಯುಯುಐಡಿನೇ ಇದೆ, ಅದು ಆ ಡಿಸ್ಕು ಬರ್ಲಿ ಅಂತ 90 ಸೆಕೆಂಡು ಕಾದು ಆಮೇಲೆ ಕೈಬಿಟ್ಟು ಮುಂದೆ ಹೋಗ್ತಿದೆ.

ಅವನು ತಪ್ಪೇನೂ ಮಾಡಿಲ್ಲ. ಓದಿದ ಗೈಡಲ್ಲಿ "ಯುಯುಐಡಿ ಹಾಕಿ, ಅದು ಬದಲಾಗಲ್ಲ" ಅಂತಿತ್ತು, ಹಂಗೇ ಮಾಡಿದಾನೆ. ಬದಲಾಗಲ್ಲ ಅನ್ನೋದು ಅರ್ಧ ಸತ್ಯ. ಕೇಬಲ್ ಬದಲಾಯಿಸಿದ್ರೆ ಬದಲಾಗಲ್ಲ, ಫಾರ್ಮ್ಯಾಟ್ ಮಾಡಿದ್ರೆ ಬದಲಾಗತ್ತೆ. ಇನ್‌ಸ್ಟಾಲ್ ಗೈಡುಗಳಲ್ಲಿ ಈ ಎರಡನೇ ಭಾಗ ಬಿಟ್ಟೇ ಹೋಗಿರತ್ತೆ, ಜನ ಒದ್ದಾಡೋದು ಅಲ್ಲೇ. ಅದಕ್ಕೆ ಇದನ್ನ ಕೂತು ಬರೀತಿದೀನಿ.

ಮೊದ್ಲು ಪದದ ಗೊಂದಲ ಬಗೆಹರಿಸೋಣ. "ಡಿಸ್ಕ್ ಲೇಬಲ್" ಅಂದ್ರೆ ಎಲ್ಲಾ ಡಾಕ್ಯುಮೆಂಟಲ್ಲೂ ಒಂದೇ ಅರ್ಥ ಅಲ್ಲ. ಲಿನಕ್ಸಲ್ಲಿ ಎಫ್‌ಡಿಸ್ಕ್ ಓಡಿಸಿದ್ರೆ "ಡಿಸ್ಕ್‌ಲೇಬಲ್ ಟೈಪ್: ಜಿಪಿಟಿ" ಅಂತ ತೋರ್ಸತ್ತೆ, ಅದು ಪಾರ್ಟಿಶನ್ ಟೇಬಲ್ಲಿನ (ಡಿಸ್ಕನ್ನ ಹೆಂಗೆ ಭಾಗ ಮಾಡಿದೆ ಅನ್ನೋ ಪಟ್ಟಿ) ಜಾತಿ: ಈಗಿನದು ಜಿಪಿಟಿ, ಹಳೇದು ಎಂಬಿಆರ್. ಪಾರ್ಟೆಡ್‌ನಲ್ಲಿ ಎಂಕೆಲೇಬಲ್ ಅಂತ ಕಮ್ಯಾಂಡ್ ಇದೆ, ಹೆಸರು ನೋಡಿ ಡಿಸ್ಕಿಗೆ ಹೆಸರಿಡತ್ತೆ ಅಂದ್ಕೊಂಡು ಹೊಡೆದ್ರೆ ಇರೋ ಪಾರ್ಟಿಶನ್ ಟೇಬಲ್ ಹೋಗಿ ಹೊಸದು ಬರತ್ತೆ, ದಯವಿಟ್ಟು ಇದೊಂದನ್ನ ಜ್ಞಾಪಕ ಇಟ್ಕೊಳ್ಳಿ. ಬಿಎಸ್‌ಡಿಗಳಲ್ಲಿ (ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಥರದ, ಲಿನಕ್ಸಲ್ಲದ ಯುನಿಕ್ಸ್ ವಂಶದ ಸಿಸ್ಟಮ್ಮುಗಳು) ಡಿಸ್ಕ್‌ಲೇಬಲ್ ಅಂದ್ರೆ ಎ, ಬಿ, ಸಿ ಅಂತ ಅಕ್ಷರ ಇರೋ ಅವರದೇ ಪಾರ್ಟಿಶನ್ ಟೇಬಲ್: ಎ ರೂಟ್ (ಸಿಸ್ಟಮ್ ಇರೋ ಮುಖ್ಯ ಭಾಗ), ಬಿ ಸ್ವಾಪ್, ಸಿ ಅಂದ್ರೆ ಸಾಮಾನ್ಯವಾಗಿ ಇಡೀ ಡಿಸ್ಕು, ಅದನ್ನ ಮುಟ್ಟಬಾರದು. ಇನ್ನು ನಾವು ನೀವು ಮಾತಾಡೋವಾಗ ಲೇಬಲ್ ಅಂದ್ರೆ ಪೆನ್‌ಡ್ರೈವಿಗೆ ಕೊಡೋ ಹೆಸರಿನ ಥರ, ಫೈಲ್‌ಸಿಸ್ಟಮ್ಮಿನ (ಫಾರ್ಮ್ಯಾಟ್ ಮಾಡಿದಾಗ ಫೈಲ್ ಇಡೋಕೆ ಆಗೋ ವ್ಯವಸ್ಥೆ) ಹೆಸರು. ಈ ಮೂರೂ ಬೇರೆ ಬೇರೆ. ಗೈಡ್ ಓದ್ತಾ ಲೇಬಲ್ ಅನ್ನೋ ಪದ ಬಂದ ತಕ್ಷಣ ಇದು ಮೂರರಲ್ಲಿ ಯಾವ್ದು ಅಂತ ಕೇಳ್ಕೊಂಡೇ ಮುಂದೆ ಹೋಗಿ.

ಯಾವ ಹೆಸರನ್ನ ಆರಿಸ್ಕೋಬೇಕು ಅಂತ ನೋಡೋವಾಗ ನಾನು ಕೇಳೋದು ಒಂದೇ ಪ್ರಶ್ನೆ: ಈ ಹೆಸರು ಎಲ್ಲಿ ಬರೆದಿದೆ? ಕೆಲವು ಎಲ್ಲೂ ಬರೆದೇ ಇಲ್ಲ, ಬೂಟ್ ಆಗೋವಾಗ ಕರ್ನಲ್ (ಸಿಸ್ಟಮ್ಮಿನ ತಿರುಳು) ಕೊಡತ್ತೆ ಅಷ್ಟೇ. ಕೆಲವು ಫೈಲ್‌ಸಿಸ್ಟಮ್ ಒಳಗೆ ಇವೆ, ಕೆಲವು ಪಾರ್ಟಿಶನ್ ಟೇಬಲ್ಲಲ್ಲಿ, ಇನ್ನು ಕೆಲವು ಡಿಸ್ಕಿನ ಹಾರ್ಡ್‌ವೇರಲ್ಲೇ. ಎಲ್ಲಿ ಬರೆದಿದೆಯೋ ಆ ಜಾಗ ಅಳಿಸಿದಾಗ ಹೆಸರೂ ಹೋಗತ್ತೆ.

ಎಸ್‌ಡಿಎ, ಎಸ್‌ಡಿಬಿ, ಎಡಿಎ0 ಥರದ್ದು

ಇದು ಸಿಕ್ಕ ಕ್ರಮದಲ್ಲಿ ಕರ್ನಲ್ ಕೊಡೋ ಹೆಸರು. ಒಂದೇ ಡಿಸ್ಕು ಇರೋ ಲ್ಯಾಪ್‌ಟಾಪಲ್ಲಿ ವರ್ಷಗಟ್ಟಲೆ ಏನೂ ಆಗಲ್ಲ, ಅದಕ್ಕೇ ಜನ ಇದನ್ನ ನಂಬೋದು. ಎರಡನೇ ಡಿಸ್ಕು ಹಾಕಿ ನೋಡಿ. ಈಗಿನ ಕರ್ನಲ್ ಡಿಸ್ಕುಗಳನ್ನ ಒಟ್ಟೊಟ್ಟಿಗೆ ಹುಡುಕತ್ತೆ, ಯಾವ್ದು ಬೇಗ ಉತ್ತರ ಕೊಡತ್ತೋ ಅದು ಎಸ್‌ಡಿಎ, ನಾಳೆ ಬೆಳಗ್ಗೆ ಇನ್ನೊಂದು ಎಸ್‌ಡಿಎ ಆಗಿರ್ಬೋದು. ಇನ್‌ಸ್ಟಾಲ್ ಮಾಡೋ ಪೆನ್‌ಡ್ರೈವೂ ಇದೇ ಸಾಲಲ್ಲಿ ನಿಲ್ಲತ್ತೆ ಅನ್ನೋದು ಮರೆತುಹೋಗತ್ತೆ: ಇನ್‌ಸ್ಟಾಲ್ ಮಾಡೋವಾಗ ಎಸ್‌ಡಿಬಿ ಆಗಿದ್ದ ಡಿಸ್ಕು ಪೆನ್‌ಡ್ರೈವ್ ತೆಗೆದು ರೀಬೂಟ್ ಮಾಡಿದಾಗ ಎಸ್‌ಡಿಎ.

ನಾವು ಡಿಸ್ಕು ಮುಟ್ಟದೇ ಇದ್ರೂ ಸಿಸ್ಟಮ್ ಅಪ್‌ಗ್ರೇಡ್ ಆದಾಗ ಹೆಸರೇ ಬದಲಾಗಿರೋದೂ ಉಂಟು. ಲಿನಕ್ಸಲ್ಲಿ ಹಳೇ ಐಡಿಇ ಡಿಸ್ಕುಗಳು ಎಚ್‌ಡಿಎ ಆಗಿದ್ವು, ಡ್ರೈವರ್ ಬದಲಾಗಿ ಎಸ್‌ಡಿಎ ಆದ್ವು. ಡೆಬಿಯನ್ 6, ಅಂದ್ರೆ 2011ರಲ್ಲಿ ಬಂದ ಸ್ಕ್ವೀಜ್, ಅದರ ರಿಲೀಸ್ ನೋಟ್ಸಲ್ಲಿ ಇದಕ್ಕೆ ಅಂತಾನೇ ಒಂದು ಭಾಗ ಇದೆ, ಅಪ್‌ಗ್ರೇಡ್ ಮಾಡೋವಾಗ ಹೆಸರುಗಳನ್ನ ಯುಯುಐಡಿಗೆ ಬದಲಾಯಿಸ್ಕೊಳ್ಳೋ ಏರ್ಪಾಡು ಮಾಡಿದ್ರು. ಫ್ರೀಬಿಎಸ್‌ಡಿ 9.0, 2012ರಲ್ಲಿ, ಎಡಿ ಅಂತಿದ್ದದ್ದು ಎಡಿಎ ಆಯ್ತು. ಅದೇ ಫ್ರೀಬಿಎಸ್‌ಡಿ 14.0ರಲ್ಲಿ, 2023, ಎನ್‌ವಿಎಂಇ ಡಿಸ್ಕು ಎನ್‌ವಿಡಿ ಇದ್ದದ್ದು ಎನ್‌ಡಿಎ ಆಯ್ತು, ಹಳೇ ಹೆಸರಿಗೆ ಲಿಂಕ್ ಇಟ್ಟಿದಾರೆ ಅನ್ನೋದು ಸಮಾಧಾನ. ಈ ಹೆಸರನ್ನ ಇನ್‌ಸ್ಟಾಲ್ ಮಾಡೋ ಆ ಅರ್ಧ ಗಂಟೆ ಕಮ್ಯಾಂಡ್ ಹೊಡಿಯೋಕೆ ಬಳಸಿ. ಯಾವ ಫೈಲಲ್ಲೂ ಬರೆದಿಡಬೇಡಿ.

ಯುಯುಐಡಿ ಮತ್ತೆ ಲೇಬಲ್

ಇವೆರಡೂ ಫೈಲ್‌ಸಿಸ್ಟಮ್ ಒಳಗೆ ಇರೋ ಹೆಸರು, ಅಣ್ಣತಮ್ಮಂದಿರ ಥರ. ಯುಯುಐಡಿ ಅದಾಗೇ ಹುಟ್ಟತ್ತೆ, 128 ಬಿಟ್ಟು, ಗೆರೆಗಳೂ ಸೇರಿ 36 ಅಕ್ಷರ. ಲೇಬಲ್ ನಾವಿಡೋದು. ಡಿಸ್ಕನ್ನ ಇನ್ನೊಂದು ಪೋರ್ಟಿಗೆ ಹಾಕಿ, ಯುಎಸ್‌ಬಿ ಡಬ್ಬಿಗೆ ಹಾಕಿ, ಬೇರೆ ಮೆಷಿನ್ನಿಗೇ ಹಾಕಿ, ಎರಡೂ ಜೊತೇಲೇ ಹೋಗ್ತವೆ. ಎಂಕೆಎಫ್‌ಎಸ್ ಹೊಡೆದ್ರೆ, ಅಂದ್ರೆ ಫಾರ್ಮ್ಯಾಟ್ ಮಾಡಿದ್ರೆ, ಎರಡೂ ಅಳಿಸಿಹೋಗ್ತವೆ, ಆದ್ರೆ ಲೇಬಲನ್ನ ಅದೇ ಹೆಸರಲ್ಲಿ ಮತ್ತೆ ಇಡೋದು ಸಲೀಸು. ಬ್ಯಾಕಪ್ ಡಿಸ್ಕು ಕೆಟ್ಟೋಯ್ತು, ಹೊಸದು ತಂದ್ವಿ ಅಂದ್ಕೊಳ್ಳಿ. ಹಳೇ ಲೇಬಲ್ಲೇ ಕೊಟ್ಟು ಫಾರ್ಮ್ಯಾಟ್ ಮಾಡಿದ್ರೆ ಎಫ್‌ಎಸ್‌ಟ್ಯಾಬೂ ಮುಟ್ಟೋದು ಬೇಡ, ಬ್ಯಾಕಪ್ ಸ್ಕ್ರಿಪ್ಟೂ ಮುಟ್ಟೋದು ಬೇಡ. ಯುಯುಐಡಿ ಹಾಕಿದ್ರೆ ಎಲ್ಲಾ ಕಡೆ ಹುಡುಕಿ ಬದಲಾಯಿಸ್ಬೇಕು.

ಗೈಡುಗಳು ಇಲ್ಲಿ ಎರಡು ದಾರಿ ಹಿಡಿದಿವೆ. ಆರ್ಚ್ ಲಿನಕ್ಸಿನ ಇನ್‌ಸ್ಟಾಲ್ ಗೈಡಲ್ಲಿ ಜೆನ್‌ಎಫ್‌ಎಸ್‌ಟ್ಯಾಬಿಗೆ (ಎಫ್‌ಎಸ್‌ಟ್ಯಾಬ್ ಬರೆದುಕೊಡೋ ಕಮ್ಯಾಂಡು) ಮೈನಸ್ ಕ್ಯಾಪಿಟಲ್ ಯು ಕೊಟ್ಟು ಯುಯುಐಡಿ ಬರೆಸ್ತಾರೆ, ಕ್ಯಾಪಿಟಲ್ ಎಲ್ ಕೊಟ್ರೆ ಲೇಬಲ್ ಬರತ್ತೆ ಅಂತಾನೂ ಹೇಳ್ತಾರೆ. ಡೆಬಿಯನ್ ಇನ್‌ಸ್ಟಾಲರು ಕೇಳೋದೇ ಇಲ್ಲ, ಯುಯುಐಡಿ ಬರೆದು, ಮೇಲೊಂದು ಕಾಮೆಂಟಲ್ಲಿ ಇದು ಇನ್‌ಸ್ಟಾಲ್ ಆಗೋವಾಗ ಇಂಥಾ ಪಾರ್ಟಿಶನ್ನಲ್ಲಿತ್ತು ಅಂತ ಬರೆದಿಡತ್ತೆ, ಆ ಕಾಮೆಂಟು ನನಗೆ ತುಂಬಾ ಇಷ್ಟ, ಮೂರು ವರ್ಷ ಆದ್ಮೇಲೆ ಫೈಲ್ ತೆರೆದ್ರೂ ಯಾವ್ದು ಯಾವ್ದು ಅಂತ ಗೊತ್ತಾಗತ್ತೆ. ನಿಕ್ಸ್‌ಓಎಸ್ ಮ್ಯಾನ್ಯುಯಲ್ಲು ಲೇಬಲ್ ಪಕ್ಷ: ಫಾರ್ಮ್ಯಾಟ್ ಮಾಡೋವಾಗಲೇ ಮೈನಸ್ ಎಲ್ ಹಾಕಿ ಬೇರೆ ಯಾವ್ದಕ್ಕೂ ಇಲ್ಲದ ಒಂದು ಹೆಸರು ಕೊಡಿ, ಡಿವೈಸ್ ಬದಲಾದ್ರೂ ಕಾನ್ಫಿಗರೇಶನ್ ಕೆಡಲ್ಲ ಅಂತ ಕಾರಣದ ಸಮೇತ ಬರೆದಿದಾರೆ. ಕಾನ್ಫಿಗರೇಶನ್ ಫೈಲನ್ನ ಮನುಷ್ಯರು ಕೂತು ಓದೋ ಸಿಸ್ಟಮ್ಮಲ್ಲಿ ಇದು ಸರಿಯಾದ ಯೋಚನೆ.

ಲೇಬಲ್ಲಿಗೆ ಇರೋ ಅಪಾಯ ಒಂದೇ, ಎರಡು ಡಿಸ್ಕಿಗೆ ಒಂದೇ ಹೆಸರು ಬಿದ್ದುಬಿಡೋದು. ಗೈಡಲ್ಲಿ ಉದಾಹರಣೆಗೆ ಕೊಟ್ಟ ಹೆಸರನ್ನೇ ಎಲ್ಲಾ ಮೆಷಿನ್ನಿಗೂ ಇಟ್ಟು, ಒಂದು ದಿನ ಒಂದು ಮೆಷಿನ್ನಿನ ಡಿಸ್ಕನ್ನ ಇನ್ನೊಂದಕ್ಕೆ ಹಾಕಿದ್ರೆ ಎರಡೂ "ರೂಟ್" ಅಂತಾನೇ ಹೇಳ್ಕೊಳ್ತವೆ. ರಾಸ್ಪ್‌ಬೆರಿ ಪೈಗೆ ಬರೋ ಉಬುಂಟು ಇಮೇಜಲ್ಲಿ ರೂಟಿನ ಲೇಬಲ್ ಯಾವಾಗ್ಲೂ "ರೈಟಬಲ್", ಅದೇ ಇಮೇಜನ್ನ ಎಸ್‌ಡಿ ಕಾರ್ಡಿಗೂ ಬರೆದು ಎಸ್‌ಎಸ್‌ಡಿಗೂ ಬರೆದು ಎರಡನ್ನೂ ಸಿಕ್ಸಿದ್ರೆ ಬೂಟ್ ಆಗೋದು ಕಾರ್ಡಿಂದ, ರೂಟ್ ಬಂದಿರೋದು ಎಸ್‌ಎಸ್‌ಡಿಯಿಂದ, ಹಿಂಗೂ ಆಗತ್ತೆ. ಈ ವಿಷಯದಲ್ಲಿ ನಾನು ಓದಿರೋದ್ರಲ್ಲಿ ಫ್ರೀಬಿಎಸ್‌ಡಿ ಹ್ಯಾಂಡ್‌ಬುಕ್ ಎಲ್ಲಕ್ಕಿಂತ ಚೆನ್ನಾಗಿ ಬರೆದಿದೆ. ಇನ್‌ಸ್ಟಾಲ್ ಅಧ್ಯಾಯದಲ್ಲೇ, ಪಾರ್ಟಿಶನ್ ಮಾಡೋ ಜಾಗದಲ್ಲೇ, ಲೇಬಲ್ ಯಾಕೆ ಬೇಕು ಅಂತ ಹೇಳಿ, ಹೆಸರಿಗೆ ಮೆಷಿನ್ನಿನ ಹೆಸರಿಂದ ಒಂದೆರಡು ಅಕ್ಷರ ಸೇರ್ಸಿ ಅಂತಾರೆ: ಮೆಷಿನ್ನಿನ ಹೆಸರು "ಲ್ಯಾಬ್" ಆದ್ರೆ ರೂಟಿಗೆ "ಲ್ಯಾಬ್‌ರೂಟ್". ಎರಡೇ ಸಾಲು. ಇಷ್ಟನ್ನ ಎಲ್ಲಾ ಗೈಡುಗಳೂ ಹಾಕಿದ್ರೆ ಎಷ್ಟೋ ಜನರ ರಾತ್ರಿ ಉಳಿಯತ್ತೆ.

ಯುಯುಐಡಿ ತಾನಾಗೇ ಡಿಕ್ಕಿ ಹೊಡಿಯಲ್ಲ, ಕ್ಲೋನ್ ಮಾಡಿದ್ರೆ ಮಾತ್ರ. ಡಿಡಿ ಕಮ್ಯಾಂಡಲ್ಲಿ ಡಿಸ್ಕಿಂದ ಡಿಸ್ಕಿಗೆ ನಕಲು ಹೊಡೆದ್ರೆ ಯುಯುಐಡಿ, ಲೇಬಲ್, ಪಾರ್ಟಿಶನ್ ಐಡಿ ಎಲ್ಲಾ ಅಚ್ಚು ಹೊಡೆದಂಗೆ ಎರಡೂ ಕಡೆ ಒಂದೇ. ಫೈಲ್‌ಸಿಸ್ಟಮ್ ಎಕ್ಸ್‌ಎಫ್‌ಎಸ್ ಆದ್ರೆ ಎರಡನೇದನ್ನ ಮೌಂಟ್ ಮಾಡೋಕೇ (ಸಿಸ್ಟಮ್ಮಿಗೆ ಜೋಡಿಸೋಕೇ) ಒಪ್ಪಲ್ಲ, ಅದು ಒಳ್ಳೇದೇ. ಬಿಟಿಆರ್‌ಎಫ್‌ಎಸ್ ಆದ್ರೆ ನಕಲು, ಮೂಲ ಎರಡನ್ನೂ ಒಟ್ಟಿಗೆ ಸಿಕ್ಸಿ ಮೌಂಟ್ ಮಾಡೋ ಸಾಹಸನೇ ಬೇಡ, ಡೇಟಾ ಕೆಡೋ ಸಾಧ್ಯತೆ ಇದೆ. ಕ್ಲೋನ್ ಆದ ತಕ್ಷಣ ಒಂದನ್ನ ತೆಗೆದಿಡಿ, ಇಲ್ಲಾ ನಕಲಿಗೆ ಹೊಸ ಯುಯುಐಡಿ ಕೊಡಿ. ಎಕ್ಸ್‌ಟಿ4ಗೆ ಟ್ಯೂನ್2ಎಫ್‌ಎಸ್, ಎಕ್ಸ್‌ಎಫ್‌ಎಸ್‌ಗೆ ಎಕ್ಸ್‌ಎಫ್‌ಎಸ್ ಅಡ್ಮಿನ್, ಎರಡಕ್ಕೂ ಮೈನಸ್ ಕ್ಯಾಪಿಟಲ್ ಯು.

ಪಾರ್ಟ್‌ಯುಯುಐಡಿ ಮತ್ತೆ ಪಾರ್ಟ್‌ಲೇಬಲ್

ಇವು ಪಾರ್ಟಿಶನ್ ಟೇಬಲ್ಲಲ್ಲಿ ಇರ್ತವೆ. ಅಂದ್ರೆ ಪಾರ್ಟಿಶನ್ ಒಳಗೆ ಎಷ್ಟು ಸಲ ಫಾರ್ಮ್ಯಾಟ್ ಮಾಡಿದ್ರೂ ಇವು ಅಲ್ಲಾಡಲ್ಲ. ಅಕ್ಕನ ಮಗನಿಗೆ ನಾನು ಹೇಳಿದ್ದು ಇದೇ: ಬ್ಲಾಕ್‌ಐಡಿ ಹೊಡೆದು ಆ ಸ್ವಾಪಿನ ಪಾರ್ಟ್‌ಯುಯುಐಡಿ ತಗೋ, ಎಫ್‌ಎಸ್‌ಟ್ಯಾಬಲ್ಲಿ ಹಳೇ ಯುಯುಐಡಿ ಜಾಗಕ್ಕೆ ಅದನ್ನ ಹಾಕು, ಇನ್ನು ಹತ್ತು ಡಿಸ್ಟ್ರೋ ಹಾಕಿ ಸ್ವಾಪ್ ಹತ್ತು ಸಲ ಫಾರ್ಮ್ಯಾಟ್ ಆದ್ರೂ ನಿನ್ನ ಹಳೇ ಸಿಸ್ಟಮ್ ಕಾಯಲ್ಲ. ಅವನದ್ದು ಡೆಬಿಯನ್ ವಂಶದ್ದು, ಹಾಗಾಗಿ ಇನಿಟ್‌ರಾಮ್‌ಎಫ್‌ಎಸ್ (ರೂಟ್ ಸಿಗೋ ಮುಂಚೆ ಬೂಟಿಗೆ ಬೇಕಾಗೋ ಪುಟ್ಟ ಸಿಸ್ಟಮ್) ಫೋಲ್ಡರಲ್ಲಿ ರೆಸ್ಯೂಮ್ ಅನ್ನೋ ಫೈಲಲ್ಲೂ ಹಳೇ ಯುಯುಐಡಿ ಇತ್ತು, ಅದನ್ನೂ ಸರಿ ಮಾಡಿಸಿ ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್ ಓಡಿಸಿದ್ಮೇಲೆ ಪೂರ್ತಿ ಸರಿ ಹೋಯ್ತು. ಎರಡು ಮೂರು ಸಿಸ್ಟಮ್ ಒಂದೇ ಸ್ವಾಪ್ ಹಂಚ್ಕೊಳ್ಳೋ ಕಡೆ ಲೇಬಲ್ ಕೂಡ ಉಪಯೋಗ ಇಲ್ಲ ನೋಡಿ, ಇನ್‌ಸ್ಟಾಲರು ಫಾರ್ಮ್ಯಾಟ್ ಮಾಡೋವಾಗ ನಿಮ್ಮ ಲೇಬಲ್ ಉಳಿಸಲ್ಲ.

ಇನ್ನೊಂದು ಕಡೆ ಪಾರ್ಟ್‌ಯುಯುಐಡಿ ಬೇಕೇ ಬೇಕು. ಇನಿಟ್‌ರಾಮ್‌ಎಫ್‌ಎಸ್ ಇಲ್ಲದೇ ಕರ್ನಲ್ ನೇರವಾಗಿ ಬೂಟ್ ಆಗೋದಾದ್ರೆ ಅದಕ್ಕೆ ಫೈಲ್‌ಸಿಸ್ಟಮ್ಮಿನ ಯುಯುಐಡಿ ಓದಿ ರೂಟ್ ಹುಡುಕೋಕೆ ಬರಲ್ಲ, ಪಾರ್ಟಿಶನ್ ಟೇಬಲ್ಲಿನ ಹೆಸರು ಮಾತ್ರ ಅರ್ಥ ಆಗತ್ತೆ. ರಾಸ್ಪ್‌ಬೆರಿ ಪೈ ಓಎಸ್‌ನ ಕಮ್ಯಾಂಡ್‌ಲೈನ್ ಫೈಲ್ ತೆರೆದು ನೋಡಿ, ರೂಟಿಗೆ ಪಾರ್ಟ್‌ಯುಯುಐಡಿನೇ ಇರತ್ತೆ. ಹಳೇ ಎಂಬಿಆರ್ ಟೇಬಲ್ ಆದ್ರೂ ಪಾರ್ಟ್‌ಯುಯುಐಡಿ ಸಿಗತ್ತೆ, ಡಿಸ್ಕಿನ 32 ಬಿಟ್ ಸಹಿ, ಒಂದು ಗೆರೆ, ಆಮೇಲೆ ಪಾರ್ಟಿಶನ್ ನಂಬರು. ಪಾರ್ಟ್‌ಲೇಬಲ್ ಮಾತ್ರ ಜಿಪಿಟಿ ಇದ್ರಷ್ಟೇ.

ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿಗೆ ಒಂದು ಎಚ್ಚರಿಕೆ, ಇಲ್ಲಿ ತುಂಬಾ ಜನ ಎಡವ್ತಾರೆ. ಲಕ್ಸ್ (ಲಿನಕ್ಸಿನ ಡಿಸ್ಕ್ ಎನ್‌ಕ್ರಿಪ್ಶನ್) ಇದ್ರೆ ಎರಡು ಯುಯುಐಡಿ ಇರ್ತವೆ, ಹೊರಗಿನ ಲಕ್ಸ್ ಪೆಟ್ಟಿಗೆದು ಒಂದು, ತೆಗೆದ್ಮೇಲೆ ಒಳಗೆ ಸಿಗೋ ಫೈಲ್‌ಸಿಸ್ಟಮ್ಮಿಂದು ಒಂದು. ಕ್ರಿಪ್ಟ್‌ಟ್ಯಾಬಿಗೆ (ಎನ್‌ಕ್ರಿಪ್ಟ್ ಆದ ಡಿಸ್ಕುಗಳ ಪಟ್ಟಿ) ಹೊರಗಿಂದು, ಎಫ್‌ಎಸ್‌ಟ್ಯಾಬಿಗೆ ಒಳಗಿಂದು. ಅದಲು ಬದಲಾದ್ರೆ ಪಾಸ್‌ವರ್ಡ್ ಕೇಳೋ ಹಂತಕ್ಕೇ ಹೋಗಲ್ಲ.

ಬೈ-ಐಡಿ, ಬೈ-ಪಾತ್

ಲಿನಕ್ಸಲ್ಲಿ ಡೆವ್ ಫೋಲ್ಡರ್ ಒಳಗೆ ಡಿಸ್ಕ್ ಅನ್ನೋ ಫೋಲ್ಡರಿದೆ, ಅಲ್ಲಿ ಈ ಎಲ್ಲಾ ಥರದ ಹೆಸರಿಗೂ ಒಂದೊಂದು ಫೋಲ್ಡರ್ ಸಿಗತ್ತೆ. ಬೈ-ಐಡಿಯಲ್ಲಿ ಕಂಪನಿ ಮಾಡೆಲ್ಲು, ಸೀರಿಯಲ್ ನಂಬರು ಸೇರಿರೋ ಹೆಸರು. ಜಡ್‌ಎಫ್‌ಎಸ್ ಪೂಲ್ (ಹಲವು ಡಿಸ್ಕು ಸೇರ್ಸಿ ಒಂದೇ ಸಂಗ್ರಹ) ಮಾಡೋವ್ರು ಇದನ್ನೇ ಹಾಕಿ: ಜಡ್‌ಎಫ್‌ಎಸ್ ತನ್ನದೇ ಲೇಬಲ್ಲಿನ ನಾಲ್ಕು ಪ್ರತಿ ಡಿಸ್ಕಲ್ಲೇ ಇಟ್ಕೊಂಡಿರತ್ತೆ, ಮುಂದೆ ಎರಡು ಹಿಂದೆ ಎರಡು, ಹಾಗಾಗಿ ಹೆಸರು ಬದಲಾದ್ರೂ ಪೂಲ್ ಗುರುತು ಹಿಡಿಯತ್ತೆ, ಆದ್ರೆ ಡಿಸ್ಕು ಕೆಟ್ಟ ದಿನ ಯಾವ್ದನ್ನ ಕೀಳ್ಬೇಕು ಅಂತ ನಮಗೆ ಗೊತ್ತಾಗ್ಬೇಕಲ್ಲ, ಆಗ ಸೀರಿಯಲ್ ನಂಬರೇ ಬೇಕು. ಸಾಟಾದಲ್ಲಿದ್ದ ಡಿಸ್ಕನ್ನ ಯುಎಸ್‌ಬಿ ಡಬ್ಬಿಗೆ ಹಾಕಿದ್ರೆ ಬೈ-ಐಡಿ ಹೆಸರು ಎಟಿಎ ಅಂತ ಶುರು ಆಗ್ತಿದ್ದದ್ದು ಯುಎಸ್‌ಬಿ ಅಂತ ಶುರು ಆಗತ್ತೆ, ಅಂದ್ರೆ ಇದೂ ಪೂರ್ತಿ ಶಾಶ್ವತ ಅಲ್ಲ. ಬೈ-ಪಾತ್ ಪೋರ್ಟಿನ ಹೆಸರು, ಡಿಸ್ಕು ಸಿಕ್ಸೋ ಖಾನೆಗಳಿರೋ ಸರ್ವರಿಗೆ ಬಿಟ್ರೆ ಮನೇಲಿ ಬೇಡ.

ಬಿಎಸ್‌ಡಿ ಹಾಕೋವ್ರಿಗೆ

ಓಪನ್‌ಬಿಎಸ್‌ಡಿಯಲ್ಲಿ ಆಯ್ಕೆ ಮಾಡೋ ತಲೆನೋವೇ ಇಲ್ಲ. ಡಿಸ್ಕ್‌ಲೇಬಲ್ ಒಳಗೇ ಒಂದು ಡಿಯುಐಡಿ ಇರತ್ತೆ, 16 ಹೆಕ್ಸ್ ಅಂಕಿ, ಇನ್‌ಸ್ಟಾಲರು ಎಫ್‌ಎಸ್‌ಟ್ಯಾಬಲ್ಲಿ ಅದನ್ನೇ ಬರೆಯತ್ತೆ, ಕೊನೇಲಿ ಚುಕ್ಕೆ ಇಟ್ಟು ಪಾರ್ಟಿಶನ್ ಅಕ್ಷರ. ಪಾರ್ಟಿಶನ್ ಫಾರ್ಮ್ಯಾಟ್ ಮಾಡಿದ್ರೂ ಹೋಗಲ್ಲ, ಪೋರ್ಟ್ ಬದಲಾದ್ರೂ ಹೋಗಲ್ಲ. ಇನ್‌ಸ್ಟಾಲರು ರೂಟ್ ಡಿಸ್ಕು ಯಾವ್ದು ಅಂತ ಕೇಳೋವಾಗ ಪ್ರಶ್ನಾರ್ಥಕ ಚಿಹ್ನೆ ಒತ್ತಿದ್ರೆ ಡಿಸ್ಕುಗಳ ವಿವರ ತೋರ್ಸತ್ತೆ, ಒತ್ತದೇ ಮುಂದೆ ಹೋಗ್ಬೇಡಿ.

ಫ್ರೀಬಿಎಸ್‌ಡಿಯಲ್ಲಿ ಆಯ್ಕೆ ಜಾಸ್ತಿ: ಜಿಪಿಟಿ ಲೇಬಲ್, ಯುಎಫ್‌ಎಸ್ (ಅದರ ಫೈಲ್‌ಸಿಸ್ಟಮ್) ಲೇಬಲ್, ಜಿಲೇಬಲ್ (ಬೇರೆಯಾಗಿ ಹೆಸರು ಬರೆಯೋ ಕಮ್ಯಾಂಡು). ಜಿಪಿಟಿ ಡಿಸ್ಕಾದ್ರೆ ಜಿಪಿಟಿ ಲೇಬಲ್ಲೇ ಹಾಕಿ, ಯೋಚನೆ ಮಾಡೋದೇ ಬೇಡ. ಜಿಲೇಬಲ್ ತನ್ನ ಮಾಹಿತಿನ ಕೊನೇ ಸೆಕ್ಟರಲ್ಲಿ ಬರೆಯತ್ತೆ, ಜಿಪಿಟಿನೂ ತನ್ನ ಬ್ಯಾಕಪ್ ಹೆಡರನ್ನ ಡಿಸ್ಕಿನ ಕೊನೇಲೇ ಇಡತ್ತೆ, ಇಡೀ ಡಿಸ್ಕಿಗೆ ಜಿಲೇಬಲ್ ಹೊಡೆದು ಮೇಲೆ ಜಿಪಿಟಿ ಮಾಡೋಕೆ ಹೋದ್ರೆ ಒಂದಕ್ಕೊಂದು ಜಗಳ. ಮತ್ತೆ ಒಂದು ಹೆಸರಲ್ಲಿ ಪಾರ್ಟಿಶನ್ ಮೌಂಟ್ ಆದ್ರೆ ಬೇರೆ ಹೆಸರುಗಳು ಡೆವ್ ಫೋಲ್ಡರಿಂದ ಮಾಯ ಆಗ್ತವೆ, ಲೇಬಲ್ ಅಳಿಸಿಹೋಯ್ತು ಅಂತ ಗಾಬರಿ ಬೇಡ, ಅನ್‌ಮೌಂಟ್ ಮಾಡಿದ್ರೆ ವಾಪಸ್ ಬರ್ತವೆ.

ಹಂಗಾದ್ರೆ ನಾನೇನು ಹಾಕ್ತೀನಿ

ಒಂದು ಡಿಸ್ಕು, ಒಂದು ಸಿಸ್ಟಮ್ಮಿರೋ ಲ್ಯಾಪ್‌ಟಾಪಿಗೆ ಇನ್‌ಸ್ಟಾಲರು ಬರೆದ ಯುಯುಐಡಿ ಹಂಗೇ ಬಿಡ್ತೀನಿ, ಬದಲಾಯಿಸೋಕೆ ಕಾರಣ ಇಲ್ಲ. ಡ್ಯುಯಲ್ ಬೂಟ್ ಇದ್ರೆ ರೂಟಿಗೆ ಯುಯುಐಡಿ, ಸ್ವಾಪಿಗೆ ಪಾರ್ಟ್‌ಯುಯುಐಡಿ. ಫೋಟೋ, ಬ್ಯಾಕಪ್ ಥರದ ಎರಡನೇ ಡಿಸ್ಕಿಗೆ ಲೇಬಲ್, ಜೊತೆಗೆ ನೋಫೇಲ್ ಅನ್ನೋ ಆಪ್ಶನ್ ಕಡ್ಡಾಯ, ಇಲ್ಲಾಂದ್ರೆ ಆ ಡಿಸ್ಕು ತೆಗೆದಿಟ್ಟ ದಿನ ಸಿಸ್ಟಮ್ಮೇ ಎಮರ್ಜೆನ್ಸಿ ಮೋಡಿಗೆ ಹೋಗಿ ನಿಲ್ಲತ್ತೆ. ಕ್ಲೋನ್ ಮಾಡಿ ಹತ್ತಾರು ಮೆಷಿನ್ನಿಗೆ ಹಾಕೋ ಕಾಲೇಜ್ ಲ್ಯಾಬಲ್ಲಿ ಲೇಬಲ್ಲೇ ಸರಿ, ಎಲ್ಲಾ ಮೆಷಿನ್ನಿಗೂ ಒಂದೇ ಎಫ್‌ಎಸ್‌ಟ್ಯಾಬ್ ಓಡತ್ತೆ. ಆದ್ರೆ ಒಂದು ಮೆಷಿನ್ನಿನ ಡಿಸ್ಕನ್ನ ಇನ್ನೊಂದಕ್ಕೆ ಸಿಕ್ಸಬೇಡಿ ಅಂತ ಲ್ಯಾಬ್ ನೋಡ್ಕೊಳ್ಳೋವ್ರಿಗೆ ಹೇಳಿರ್ಬೇಕು.

ಹೆಸರನ್ನ ಕನ್ನಡದಲ್ಲಿ ಇಡ್ಬೋದಾ ಅಂತ ಕೇಳ್ತಾರೆ. ನನಗೂ ಆಸೆ ಇತ್ತು, ಇಟ್ಟೂ ನೋಡಿದೀನಿ. ಎಕ್ಸ್‌ಟಿ4 ಲೇಬಲ್ಲಿಗೆ 16 ಬೈಟ್ ಜಾಗ, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ 3 ಬೈಟ್, ಅಂದ್ರೆ ಐದೇ ಐದು. "ಫೋಟೋ" ಅನ್ನೋದ್ರಲ್ಲಿ ಎರಡಕ್ಷರ, ಎರಡು ಚಿಹ್ನೆ, 12 ಬೈಟ್, ಹಿಡಿಸತ್ತೆ. "ಬ್ಯಾಕಪ್" 21 ಬೈಟ್, ಹಿಡಿಸಲ್ಲ. ಎಕ್ಸ್‌ಎಫ್‌ಎಸ್‌ಗೆ 12 ಬೈಟ್ ಅಷ್ಟೇ, "ಹಾಡು" ಸರಿಯಾಗಿ ಕೂತ್ಕೊಳತ್ತೆ. ಫ್ಯಾಟ್ ಆದ್ರೆ 11 ಬೈಟ್, ಅದೂ ಹಳೇ ಕೋಡ್‌ಪೇಜಲ್ಲಿ, ಕನ್ನಡ ಬೇಡ. ಜಿಪಿಟಿ ಪಾರ್ಟ್‌ಲೇಬಲ್ಲು ಮಾತ್ರ ಯುಟಿಎಫ್-16ರಲ್ಲಿ 36, ಅಲ್ಲಿ "ಮನೆಯ ಫೋಟೋ ಬ್ಯಾಕಪ್" ಅಂತಾನೂ ಬರೀಬೋದು. ಆದ್ರೂ ಬೂಟ್ ಆಗೋಕೆ ಬೇಕಾಗೋ ಪಾರ್ಟಿಶನ್ನಿಗೆ ಕನ್ನಡ ಹೆಸರು ನಾನು ಇಡಲ್ಲ, ಎಮರ್ಜೆನ್ಸಿ ಮೋಡಿನ ಕಪ್ಪು ಪರದೇಲಿ ಕನ್ನಡ ಮೂಡಲ್ಲ, ಟೈಪ್ ಮಾಡೋಕೂ ಆಗಲ್ಲ, ಹೆಸರು ಬೇಕಾಗೋದು ಸರಿಯಾಗಿ ಅಲ್ಲೇ. ಫೋಟೋ ಡಿಸ್ಕಿಗೆ ಕನ್ನಡ ಹೆಸರಿದೆ, ಫೈಲ್ ಮ್ಯಾನೇಜರಲ್ಲಿ ಅದು ಕಂಡಾಗ ಖುಷಿ ಆಗತ್ತೆ. ಯಾವ ಭಾಷೇಲಿಟ್ರೂ ಎಫ್‌ಎಸ್‌ಟ್ಯಾಬಿಗೆ ಹೋಗೋ ಹೆಸರಲ್ಲಿ ಸ್ಪೇಸ್ ಬೇಡ, ಅಲ್ಲಿ ಅದನ್ನ ಬೇರೆ ಥರ ಬರೀಬೇಕಾಗತ್ತೆ.

ಇನ್‌ಸ್ಟಾಲ್ ಪೆನ್‌ಡ್ರೈವಿನ ಲೇಬಲ್ ಬದಲಾಯಿಸ್ಬೇಡಿ ಅನ್ನೋದನ್ನೂ ಸೇರಿಸ್ತೀನಿ. ಫೆಡೋರಾ ಥರದ ಕೆಲವು ಐಎಸ್‌ಒಗಳು ಬೂಟ್ ಆಗೋವಾಗ ತಮ್ಮನ್ನ ತಾವೇ ಲೇಬಲ್ ನೋಡಿ ಹುಡುಕ್ತವೆ, ಫೈಲುಗಳನ್ನ ಸುಮ್ನೆ ಫ್ಯಾಟ್ ಪೆನ್‌ಡ್ರೈವಿಗೆ ಕಾಪಿ ಮಾಡಿದ್ರೆ ಉದ್ದದ ಹೆಸರು 11 ಅಕ್ಷರಕ್ಕೆ ಹಿಡಿಸದೇ ಬೂಟ್ ಅರ್ಧಕ್ಕೇ ನಿಲ್ಲತ್ತೆ.

ನನ್ನ ಡೆಸ್ಕ್‌ಟಾಪಲ್ಲಿ ಒಂದೇ ಕಂಪನಿಯ, ಒಂದೇ ಮಾಡೆಲ್ಲಿನ, 1 ಟಿಬಿಯ ಎರಡು ಡಿಸ್ಕಿದ್ವು. ಒಂದರಲ್ಲಿ ಅಪ್ಪ ಅಮ್ಮನ ಹಳೇ ಫೋಟೋ ಎಲ್ಲಾ ಸ್ಕ್ಯಾನ್ ಮಾಡಿದ್ದು. ಇನ್‌ಸ್ಟಾಲರ್ ಪರದೇಲಿ ಎರಡು ಸಾಲು, ಎಸ್‌ಡಿಎ, ಎಸ್‌ಡಿಬಿ ಬಿಟ್ರೆ ಅಕ್ಷರಕ್ಷರ ಒಂದೇ. ಮೌಸ್ ಹಿಡಿದ ಕೈ ಮುಂದಕ್ಕೆ ಹೋಗ್ಲಿಲ್ಲ. ಪವರ್ ಆಫ್ ಮಾಡಿ, ಕ್ಯಾಬಿನೆಟ್ ತೆಗೆದು, ಎರಡೂ ಡಿಸ್ಕನ್ನ ಹೊರಗೆಳೆದು, ಮೇಲಿನ ಚೀಟಿಯಲ್ಲಿದ್ದ ಸೀರಿಯಲ್ ನಂಬರು ನೋಡ್ಕೊಂಡು, ಬಿಳಿ ಮೆಡಿಕಲ್ ಟೇಪು ಎರಡು ತುಂಡು ಹರಿದು ಮಾರ್ಕರ್ ಪೆನ್ನಲ್ಲಿ ಕೊನೇ ನಾಲ್ಕು ಅಂಕಿ, ಕೆಳಗೆ ಲೇಬಲ್ಲಿನ ಹೆಸರು ಬರೆದು, ಕೇಬಲ್ ಹಾಕೋ ಕಡೆ ಎದ್ದು ಕಾಣೋ ಹಂಗೆ ಅಂಟಿಸಿದೆ. ಫೋಟೋ ಡಿಸ್ಕಿನ ಡೇಟಾ ಕೇಬಲ್ ಕಿತ್ತಿಟ್ಟು ಇನ್‌ಸ್ಟಾಲ್ ಮುಗಿಸಿದೆ. ಆವತ್ತಿಂದ ಮನೆಗೆ ಬಂದ ಪ್ರತಿ ಡಿಸ್ಕಿಗೂ ಫಾರ್ಮ್ಯಾಟ್ ಮಾಡೋ ಮುಂಚೆ ಟೇಪು ಅಂಟತ್ತೆ, ಟೇಪಲ್ಲಿ ಬರೆದ ಹೆಸರೇ ಲೇಬಲ್ ಆಗತ್ತೆ. ಪರದೆ ಮೇಲೆ ನೋಡೋಕೆ ಎಲ್‌ಎಸ್‌ಬಿಎಲ್‌ಕೆ ಕಮ್ಯಾಂಡಿಗೆ ಮೈನಸ್ ಓ ಕೊಟ್ಟು ನೇಮ್, ಸೈಜ್, ಸೀರಿಯಲ್, ಲೇಬಲ್ ಅಂತ ಕೇಳಿ, ನಾಲ್ಕೂ ಒಂದೇ ಟೇಬಲ್ಲಲ್ಲಿ ಬರತ್ತೆ, ಟೇಪಿನ ಅಂಕಿ ಜೊತೆ ಹೋಲಿಸಿ ನೋಡಿ.

ಎಫ್‌ಎಸ್‌ಟ್ಯಾಬ್ ಬದಲಾಯಿಸಿದ್ಮೇಲೆ ನೇರ ರೀಬೂಟ್ ಮಾಡ್ಬೇಡಿ. ಫೈಂಡ್‌ಮೌಂಟಿಗೆ ವೆರಿಫೈ ಅಂತ ಕೊಟ್ರೆ ಇಲ್ಲದಿರೋ ಯುಯುಐಡಿ, ತಪ್ಪಾದ ಲೇಬಲ್ ಇದ್ರೆ ಅಲ್ಲೇ ಹೇಳತ್ತೆ, ಆಮೇಲೆ ಮೌಂಟ್ ಮೈನಸ್ ಎ ಹೊಡೆದು ಎಲ್ಲಾ ಬಂತಾ ನೋಡಿ, ಸ್ವಾಪಿಗೆ ಸ್ವಾಪ್‌ಆನ್ ಮೈನಸ್ ಎ. ಇಷ್ಟು ಆದ್ಮೇಲೆ ರೀಬೂಟ್ ಮಾಡಿ.